ರಾತ್ರಿ ಗಲೀಜು ಮಾಡಿತು ಅಂತ ಮರಿಯನ್ನು ಹೊರಗೆ ಕಟ್ಟಬೇಡಿ

'ಚಿರತೆ ಬಂದಿತ್ತು, ನಾಯಿ ಹೊತ್ಕೊಂಡು ಹೋಯ್ತು' ಅಂತ ಮಧುಗಿರಿ, ಕೊರಟಗೆರೆ ಕಡೆಯಿಂದ ಫೋನ್ ಬಂದರೆ ನಾನು ಮೊದಲು ಕೇಳುವುದು, ನಾಯಿ ಎಲ್ಲಿ ಕಟ್ಟಿದ್ರಿ ಅಂತ. ಅಂಗಳದಲ್ಲಿ ಅನ್ನುತ್ತಾರೆ. ಮರಿಯಾಗಿದ್ದರೆ ಇನ್ನೊಂದು ಮಾತು ಸೇರುತ್ತದೆ: 'ಒಳಗೇ ಇತ್ತು, ರಾತ್ರಿಯೆಲ್ಲ ಉಚ್ಚೆ ಹೊಯ್ತಿತ್ತು, ಅದಕ್ಕೇ ಹೊರಗೆ ಹಾಕಿದ್ವಿ.'

ಎರಡು ತಿಂಗಳ ಮರಿಗೆ ಉಚ್ಚೆ ತಡೆಯುವ ಶಕ್ತಿಯೇ ಇರುವುದಿಲ್ಲ. ಅದು ಹಟವಲ್ಲ. ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ಎಂಬುದು ನಾಯಿ ಸಾಕುವವರ ಅಂದಾಜು ಲೆಕ್ಕ. ಹತ್ತಕ್ಕೆ ಮಲಗಿದರೆ ಒಂದಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಯಾರಾದರೂ ಏಳಬೇಕು. ತ್ರೀ ಫೇಸ್ ಕರೆಂಟ್ ಬಂತು ಅಂತ ಅರ್ಧರಾತ್ರಿ ಎದ್ದು ಮೋಟ್ರು ಹಾಕುವ ನಮಗೆ ಇದೇನು ಹೊಸದಲ್ಲ.

ಟಾರ್ಚು, ದೊಣ್ಣೆ ಹಿಡಿದು ದೊಡ್ಡವರೇ ಹೋಗಿ, ಮಕ್ಕಳನ್ನು ಕಳಿಸಬೇಡಿ. ಮರಿಯನ್ನು ಎತ್ತಿಕೊಂಡೇ ಹೋಗಿ, ನಡೆಸಿದರೆ ಹೊಸ್ತಿಲಲ್ಲೇ ಮುಗಿಸುತ್ತದೆ. ಹಿತ್ತಲಲ್ಲಿ ದಿನಾ ಒಂದೇ ಮೂಲೆಗೆ ಬಿಡಿ, ವಾಸನೆ ಹಿಡಿದು ಜಾಗ ಕಲಿಯುತ್ತದೆ. ಬೀದಿನಾಯಿಗಳು ಓಡಾಡುವ ಜಾಗ ಬೇಡ, ಲಸಿಕೆ ಮುಗಿಯದ ಮರಿಗೆ ಪಾರ್ವೊ ರೋಗ ಅಂಟುವುದು ಅಲ್ಲೇ. ಕೆಲಸ ಆದ ಕೂಡಲೇ ತಲೆ ಸವರಿ, ಆಟ ಆಡಿಸದೆ ಒಳಗೆ ತನ್ನಿ.

ಮಲಗಲು ಟೊಮೆಟೊ ಕ್ರೇಟಿಗೆ ಗೋಣಿಚೀಲ ಹಾಸಿದರೆ ಸಾಕು. ತಾನು ಮಲಗುವ ಜಾಗವನ್ನು ಮರಿ ಆದಷ್ಟೂ ಗಲೀಜು ಮಾಡುವುದಿಲ್ಲ, ಕುಂಯ್‌ಗುಟ್ಟಿ ಎಬ್ಬಿಸುತ್ತದೆ. ನಾವು ಉಂಡ ಮೇಲೆ ಒಂಬತ್ತಕ್ಕೆ ಮಿಕ್ಕ ಮುದ್ದೆಗೆ ಹಾಲು ಕಲಸಿ ಹಾಕುತ್ತೇವಲ್ಲ, ಅದನ್ನು ಬಿಡಿ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ತರಿಸುತ್ತದೆ. ಏಳರೊಳಗೆ ಊಟ ಮುಗಿಸಿ. ನೀರು ಮಾತ್ರ ಪೂರ್ತಿ ನಿಲ್ಲಿಸಬೇಡಿ, ಪಾವಗಡದ ಬಿಸಿಲು ಗೊತ್ತಲ್ಲ.

ಮೂತಿಯನ್ನು ಉಚ್ಚೆಗೆ ಉಜ್ಜುವುದು, ಹೊಡೆಯುವುದು ನಮ್ಮಲ್ಲಿ ರೂಢಿ. ಅದರಿಂದ ಮರಿ ಕಲಿಯುವುದು ಇಷ್ಟೇ: ಇವರ ಕಣ್ಣಿಗೆ ಬೀಳದಂತೆ ರಾಗಿ ಮೂಟೆಯ ಹಿಂದೆ ಹೋಗಬೇಕು ಅಂತ.

'ಶಿರಾದಲ್ಲಿ ಕುರಿ ಕಾಯೋ ನಾಯಿ ಹೊರಗೇ ಬೆಳೆಯಲ್ವಾ?' ಅನ್ನಬಹುದು. ಅಲ್ಲಿ ಮರಿ ಒಂಟಿಯಲ್ಲ. ತಾಯಿ, ದೊಡ್ಡ ನಾಯಿಗಳು, ಕುರಿಯವರು ಎಲ್ಲರೂ ಜೊತೆಗೇ ಇರುತ್ತಾರೆ. ಅಂಗಳದ ಕಂಬಕ್ಕೆ ಕಟ್ಟಿದ ಮರಿ ರಾತ್ರಿಯೆಲ್ಲ ಅತ್ತು ಚಿರತೆಯನ್ನು ಕರೆಯುತ್ತದೆ. ಊರಂಚಿನ ಚಿರತೆಗೆ ನಾಯಿ ಸುಲಭದ ಬೇಟೆ. ಇವತ್ತು ಮರಿಗೆ ಬಂದದ್ದು ನಾಳೆಯೂ ಅದೇ ಅಂಗಳಕ್ಕೆ ಬರುತ್ತದೆ. ನಮ್ಮ ಜಿಲ್ಲೆಯ ಗುಬ್ಬಿ, ತುಮಕೂರು ತಾಲೂಕುಗಳಲ್ಲಿ 2019-20ರಲ್ಲಿ ಚಿರತೆಗೆ ಜನ ಬಲಿಯಾದರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು.

ನಾಯಿ ಒಳಗೆ ಬರಬಾರದು ಅನ್ನುವ ಹಿರಿಯರಿದ್ದಾರೆ, ಅವರ ಜೊತೆ ಜಗಳ ಬೇಡ. ಬಾಗಿಲಿರುವ ಬಚ್ಚಲುಮನೆಯೋ ಕೊಟ್ಟಿಗೆಯೋ ಆದೀತು, ಬಾಗಿಲು ಭದ್ರವಾಗಿರಲಿ. ನಾಲ್ಕೈದು ತಿಂಗಳಾಗುವಾಗ ಬಹಳಷ್ಟು ಮರಿಗಳು ಬೆಳಗಿನವರೆಗೆ ತಡೆಯುತ್ತವೆ. ಅಲ್ಲಿತನಕ ಏಳಲು ಮನೆಯಲ್ಲಿ ಯಾರೂ ಇಲ್ಲವಾದರೆ ಮರಿ ಕೊಡುವವರಿಗೆ ಹೇಳಿ, ತಾಯಿ ಹತ್ತಿರವೇ ಇನ್ನಷ್ಟು ದಿನ ಇಟ್ಟುಕೊಳ್ಳಲಿ.