ಮಗ ಪರದೇಶಕ್ಕ, ಅಪ್ಪ-ಅವ್ವ ಕಟ್ಟಿ ಮ್ಯಾಲ

ಪರದೇಶದ ಕಾಲೇಜಿಗೆ ಹುಡುಗರನ್ನು ಕಳಿಸುವ ಬೋರ್ಡುಗಳಿಗೆ ಬೆಳಗಾವಿಯಲ್ಲಿ ಈಗ ಬರವಿಲ್ಲ. ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡಿಸುವವರಿದ್ದಾರೆ, ಅರ್ಜಿ ತುಂಬಿ ಕೊಡುವವರಿದ್ದಾರೆ, ಸಾಲಕ್ಕೆ ಬ್ಯಾಂಕು ತೋರಿಸುವವರಿದ್ದಾರೆ. ಖಾನಾಪುರದ ಬಸ್ಸಿಳಿದು ಬಂದ ತಂದೆಗೆ ಕುರ್ಚಿ ಕೊಟ್ಟು ಚಹಾ ತರಿಸುತ್ತಾರೆ. ಹುಡುಗ ವಿಮಾನ ಹತ್ತಿದ ಮರುದಿನ ಆ ಕುರ್ಚಿಯೂ ಇಲ್ಲ, ಚಹಾವೂ ಇಲ್ಲ. ಆರು ತಿಂಗಳು ಬಿಟ್ಟು ಅದೇ ತಂದೆ, "ಒಮ್ಮಿ ಹೋಗಿ ಮಗನ್ನ ನೋಡಿ ಬರ್ಬೇಕಂತೀವ್ರಿ, ಹೆಂಗ ಮಾಡೂದು?" ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ನಿಮ್ಮ ಮಗನ್ನ ಕೇಳ್ರಿ."

ಮಗನನ್ನು ಕೇಳಿದರೆ ಅವನದೂ ಸಿದ್ಧ ಉತ್ತರ. "ಈಗ ಬ್ಯಾಡ ಬಿಡಪಾ. ಓದು ಮುಗೀಲಿ, ನೌಕರಿ ಆಗಲಿ, ನಾನ ಕರಸ್ತೀನಿ."

ಇನ್ನು ನಂದಗಡದ ಬಜಾರಿನ ಮಾತು ಬೇರೆ. "ಸಾಲ ಹರದಿಲ್ಲ, ಇವರಿಗೆ ವಿಮಾನದ ತಿರುಗಾಟ ಬೇಕಾಗ್ಯಾದ" ಅನ್ನುವುದು ಅಂಗಡಿ ಕಟ್ಟೆಯ ತೀರ್ಪು. ಹೊರಗಿನವರು ನಂದಗಡಕ್ಕೆ ಬರುವುದು ಹೊಸದಲ್ಲ; 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ ನೋಡಲು ನಾಡಿನ ಎಲ್ಲ ಕಡೆಯಿಂದ ಮಂದಿ ಬರುತ್ತಾರೆ. ಈ ತಾಲೂಕಿನವರು ಹೊರಗೆ ಹೋಗುವುದೂ ಹೊಸದಲ್ಲ. ಗೋವಾಕ್ಕೆ ಹೋದರು, ಪುಣೆಗೆ ಹೋದರು, ಕೊಲ್ಲಿ ದೇಶಗಳಿಗೂ ಹೋದರು. ಆದರೆ ಅವರೆಲ್ಲ ಹೋದದ್ದು ದುಡಿದು ತರಲು. ಓದಲು ಹೋದವನದು ಉಲ್ಟಾ ಲೆಕ್ಕ; ಮನೆಯ ರೊಕ್ಕ ಅಲ್ಲಿಗೆ ಹರಿಯುತ್ತದೆ. ಅದರ ಬೆನ್ನಿಗೆ ಅಪ್ಪ-ಅವ್ವನೂ ಹೊರಟರೆ ಬಜಾರಿಗೆ ಅದು ದುಂದಾಗಿ ಕಾಣುವುದು ಸಹಜ.

ಸಹಜ ಇರಬಹುದು, ಸರಿ ಅಲ್ಲ. ಮಗನ ಮಾತೂ ಸರಿ ಅಲ್ಲ. ಹೋಗುವುದಾದರೆ ಓದು ಮುಗಿಯುವುದರೊಳಗೇ ಹೋಗಬೇಕು. ಯಾಕೆ ಅನ್ನುವುದಕ್ಕೆ ಮೊದಲು ರೊಕ್ಕದ ಲೆಕ್ಕ ನೋಡ್ರಿ.

ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಕಲಿಸುವ ಫೀ ಇಲ್ಲ ಅನ್ನುವುದು ಖರೆ. ಅದಕ್ಕೇ ಇಂಜಿನಿಯರಿಂಗ್ ಮುಗಿಸಿದ ಹುಡುಗರು ಅತ್ತ ಮುಖ ಮಾಡುತ್ತಾರೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಅಲ್ಲಿಯ ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಹೊಟ್ಟೆ-ಬಟ್ಟೆಗೆಂದು ಮುಂಗಡ ತೋರಿಸಬೇಕಾದ ಮೊತ್ತ 11,904 ಯುರೋಗೆ ಏರಿತು. ಯುರೋಗೆ ನೂರು ರೂಪಾಯಿ ಹಿಡಿದರೂ 12 ಲಕ್ಷದ ಸನಿಹ. ಬ್ರಿಟನ್, ಅಮೆರಿಕಾ ಆದರೆ ಇದರ ಮೇಲೆ ಫೀ ಬೇರೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿ ಅಡವು ಕೇಳುವುದು ಬ್ಯಾಂಕುಗಳ ಸಾಮಾನ್ಯ ಪದ್ಧತಿ. ಹೊಲ ಕೊಡ್ತೀನಿ ಅಂದರೆ ಮ್ಯಾನೇಜರು ಹಿಂದೆ-ಮುಂದೆ ನೋಡುತ್ತಾರೆ, ಯಾಕಂದ್ರ 2002ರ ಸರ್ಫೇಸಿ ಕಾಯ್ದೆ ಸಾಗುವಳಿ ಜಮೀನಿಗೆ ತಾಗುವುದಿಲ್ಲ. ಹಿಂಗಾಗಿ ಅಡವಾಗುವುದು ಇರುವ ಮನೆ, ಇಲ್ಲವೇ ಮಗಳ ಮದುವೆಗಂತ ಎಂದೋ ತೆಗೆದಿಟ್ಟ ಪ್ಲಾಟು. ಓದುವ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟುವುದು ಬೇಡ, ಖರೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ಇಷ್ಟು ಹೊರೆ ಹೊತ್ತ ಮನೆಯಲ್ಲಿ ಏನಾಗುತ್ತದೆ? ಎರಡೂ ಕಡೆ ಸುಳ್ಳು ಶುರುವಾಗುತ್ತದೆ. ಕೆಟ್ಟ ಸುಳ್ಳಲ್ಲ, ಪ್ರೀತಿಯ ಸುಳ್ಳು. ಆದರೂ ಸುಳ್ಳು ಸುಳ್ಳೇ.

"ಊಟ ಆತೇನ ನನ್ನಪ್ಪಾ?"

"ಆತವ್ವಾ. ಅನ್ನ, ಸಾರು, ಪಲ್ಲ್ಯಾ."

ಅವ್ವನ ಮೊಬೈಲಿನಲ್ಲಿ ಮಗನ ಮುಖ ಕಾಣುತ್ತದೆ, ಬೆನ್ನ ಹಿಂದಿನ ಗೋಡೆ ಕಾಣುತ್ತದೆ. ಅಡಿಗೆಮನೆ ಕಾಣುವುದಿಲ್ಲ. ಒಂದೇ ಖೋಲಿಯಲ್ಲಿ ಎಷ್ಟು ಮಂದಿ ಮಲಗುತ್ತಾರೆ ಅನ್ನುವುದು ಕಾಣುವುದಿಲ್ಲ. ರಾತ್ರಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ ಬಂದು ಬೆಳಿಗ್ಗೆ ಕ್ಲಾಸಿಗೆ ಕೂತ ಕಣ್ಣು ಪರದೆಯ ಮೇಲೆ ಬರೀ ನಿದ್ದೆಗೆಟ್ಟ ಕಣ್ಣಿನಂತೆ ಕಾಣುತ್ತದೆ, ಅಷ್ಟೇ. ಪದವಿ ಓದುವ ಪರದೇಶದ ವಿದ್ಯಾರ್ಥಿ ಬ್ರಿಟನ್ನಿನಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ತಾಸು ಮಾತ್ರ ದುಡಿಯಬಹುದು. ಕೆನಡಾದಲ್ಲಿ ಹೊರಗಿನ ಕೆಲಸಕ್ಕೆ 2024ರ ನವೆಂಬರಿನಿಂದ 24 ತಾಸಿನ ಮಿತಿ. ಮನೆಯಿಂದ ರೊಕ್ಕ ಕೇಳಲು ನಾಚುವ ಹುಡುಗ ಆ ಮಿತಿ ದಾಟಿದರೆ ಅವನ ವೀಸಾಕ್ಕೇ ಸಂಚಕಾರ. ಅದನ್ನು ಅವನು ಫೋನಿನಲ್ಲಿ ಹೇಳುತ್ತಾನೇನು?

ಇತ್ತ ಅಪ್ಪನ ಸುಳ್ಳು. "ಎಲ್ಲಾ ಆರಾಮ, ನೀ ಓದು." ಅವ್ವನ ಬಂಗಾರ ಬ್ಯಾಂಕಿಗೆ ಹೋದದ್ದು ಮಗನಿಗೆ ಗೊತ್ತಿಲ್ಲ. ಅಪ್ಪನ ಶುಗರ್ ಏರಿದ್ದೂ ಗೊತ್ತಿಲ್ಲ. ಎರಡು ವಾರ ಒಂದೇ ಸೂರಿನಡಿ ಇದ್ದರೆ ಈ ಎರಡೂ ಸುಳ್ಳು ಉಳಿಯುವುದಿಲ್ಲ. ಮಗನ ಗಂಜಿ ಅವ್ವ ನೋಡುತ್ತಾಳೆ, ಅಪ್ಪನ ಗುಳಿಗೆ ಚೀಲ ಮಗ ನೋಡುತ್ತಾನೆ. ಆಮೇಲೆ ರೊಕ್ಕದ ಮಾತು ಖರೆ ಖರೆ ಆಗುತ್ತದೆ. ಓದು ಮುಗಿದು ನೌಕರಿ ಹಿಡಿದ ಮೇಲೆ ಹೋದವರು ನೋಡುವುದು ತೊಳೆದಿಟ್ಟ ಮನೆಯನ್ನು. ಆಗ ನೋಡಿ ಏನು ಬಂತು?

ಇನ್ನೊಂದು ಮಾತು, ಹೇಳಲು ನಾಲಗೆ ಏಳುವುದಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕು ಸತ್ತ. ತಿನ್ನಲು ತರುವುದಕ್ಕಂತ ಹೊರಗೆ ಬಂದಿದ್ದ ಹುಡುಗ. ದೇಹ ಊರಿಗೆ ಬರಲು ಇಪ್ಪತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ಮಕ್ಕಳು ಅಲ್ಲಿ ಸಿಕ್ಕಿಕೊಂಡಿದ್ದ ಎಷ್ಟೋ ಮನೆಗಳಿಗೆ ಆ ಊರಿನ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಟಿವಿಯ ನಕಾಶೆ ನೋಡಿ ಅಲ್ಲಿಯ ಓಣಿ ಕಲಿತರು. ಹೋಗಿ ನೋಡಿದ್ದರೆ ಬಾಂಬು ನಿಲ್ಲುತ್ತಿತ್ತೇ? ಇಲ್ಲ. ಆದರೆ ಮಗ ಎಲ್ಲಿದ್ದಾನೆ, ಅವನ ಗೆಳೆಯರು ಯಾರು, ಒಬ್ಬರ ಫೋನು ಹತ್ತದಿದ್ದರೆ ಇನ್ಯಾರಿಗೆ ಮಾಡಬೇಕು, ಇಷ್ಟಾದರೂ ಹೆತ್ತವರಿಗೆ ಗೊತ್ತಿರಬೇಡವೇ?

"ಹಿಂದಿನವರೇನ ಹೋಗಿ ನೋಡಿದ್ರೇನು?" ಅಂತ ಬಸ್ಸಿನಲ್ಲಿ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ. ಇದೇ ಜಿಲ್ಲೆಯ ಗೋಕಾಕ ತಾಲೂಕು ಮಮದಾಪುರದ ಡಿ.ಸಿ. ಪಾವಟೆ 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆಗಿ ಬಂದವರು. ಮುಂದೆ 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲರು. ಆ ಕಾಲಕ್ಕೆ ಮುಂಬಯಿಯಿಂದ ಹಡಗು, ವಾರಗಟ್ಟಲೆ ಸಮುದ್ರ. ಹಳ್ಳಿಯ ತಂದೆ-ತಾಯಿ ಬೆನ್ನು ಹತ್ತಿ ಹೋಗುವ ಮಾತೇ ಇರಲಿಲ್ಲ. ಕಾಗದ ಬಂದರೆ ಬಂತು. ಈಗ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಒಂದೇ ವಿಮಾನ, ಹತ್ತು ತಾಸಿನ ಆಜೂಬಾಜು. ನಂದಗಡದಿಂದ ಬೆಂಗಳೂರು ಮುಟ್ಟುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು!

ದಾರಿ ಸಣ್ಣದಾಯಿತು, ಕಾಗದಪತ್ರ ದೊಡ್ಡದಾಯಿತು. ತೊಡಕು ಇರುವುದು ಅಲ್ಲಿ. ಅವ್ವ ಪಹಣಿಯಲ್ಲಿ ಒಂದು ಹೆಸರು, ರೇಶನ್ ಕಾರ್ಡಿನಲ್ಲಿ ಇನ್ನೊಂದು, ಆಧಾರಿನಲ್ಲಿ ಮತ್ತೊಂದು. ಒಂದರಲ್ಲಿ ತವರಿನ ಅಡ್ಡಹೆಸರು, ಒಂದರಲ್ಲಿ ಗಂಡನದು. ಯಲ್ಲವ್ವ ಅಂದರೂ ಯಲ್ಲಮ್ಮ ಅಂದರೂ ಊರಿಗೆ ಒಬ್ಬಳೇ, ಪಾಸ್‌ಪೋರ್ಟಿನವರಿಗೆ ಇಬ್ಬರು. ಈ ತಿದ್ದುಪಡಿಗೇ ತಿಂಗಳುಗಳು ಹೋಗುತ್ತವೆ. ಹಂಗಾಗಿ ಮಗನ ಪಾಸ್‌ಪೋರ್ಟು ಮಾಡಿಸುವ ದಿನವೇ ಅಪ್ಪ-ಅವ್ವನ ಹೆಸರಿನ ಕೆಲಸಕ್ಕೂ ಕೈಹಾಕುವುದು ಜಾಣತನ. ಮೊದಲು ಹುಬ್ಬಳ್ಳಿಗೆ, ಅದಕ್ಕೂ ಮೊದಲು ಬೆಂಗಳೂರಿಗೆ ಓಡಬೇಕಿತ್ತು. ಈಗ ಬೆಳಗಾವಿಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, 60 ದಾಟಿದವರಿಗೆ ಹೊಸದಕ್ಕೆ ಹತ್ತರಲ್ಲಿ ಒಂದು ಪಾಲು ರಿಯಾಯಿತಿ. ಜನನ ಪ್ರಮಾಣಪತ್ರವೇ ಬೇಕು ಅನ್ನುವ ಕಡ್ಡಾಯ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಮಾತ್ರ, ಮುದುಕರಿಗಲ್ಲ. ಹತ್ತನೇ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿಗೆ ಬೀಳುವ ಇ.ಸಿ.ಆರ್. ಗುರುತು ಕಂಡು ಹೆದರುವುದೂ ಬೇಡ. ಅದು ಗೊತ್ತುಪಡಿಸಿದ 18 ದೇಶಗಳಿಗೆ ನೌಕರಿಗೆ ಹೋಗುವವರ ಸಲುವಾಗಿ ಇರುವಂಥದ್ದು. ಇಷ್ಟು ಗೊತ್ತಿಲ್ಲದ್ದಕ್ಕೇ ಎಷ್ಟೋ ಮಂದಿ ಏಜೆಂಟನ ಕೈಗೆ ಸಾವಿರ ಸಾವಿರ ಇಡುತ್ತಾರೆ.

ವೀಸಾ ಮುಂದಿನ ಪಾವಟಿಗೆ. ಜರ್ಮನಿ ಮೊದಲಾದ ಶೆಂಗೆನ್ ದೇಶಗಳಿಗೆ ದೊಡ್ಡವರ ಶುಲ್ಕ 2024ರ ಜೂನಿನಲ್ಲಿ 90 ಯುರೋ ಆಯಿತು. ಜೊತೆಗೆ ಕನಿಷ್ಠ 30,000 ಯುರೋ ವೆಚ್ಚ ಭರಿಸುವ ಆರೋಗ್ಯ ವಿಮೆ ಬೇಕೇ ಬೇಕು. ಮೊದಲೇ ಇದ್ದ ಬಿ.ಪಿ., ಶುಗರಿಗೆ ಆ ವಿಮೆ ರೊಕ್ಕ ಕೊಡುತ್ತದೋ ಇಲ್ಲವೋ, ಸಣ್ಣ ಅಕ್ಷರ ಓದಿಸಿ ಕೇಳಬೇಕು. ಅಮೆರಿಕಾದ ಪ್ರವಾಸಿ ವೀಸಾ ಶುಲ್ಕ 2023ರ ಜೂನಿನಿಂದ 185 ಡಾಲರ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕಾದ ಕಾನ್ಸುಲೇಟ್ ಉದ್ಘಾಟನೆಯಾಯಿತು ಅಂತ ಎಲ್ಲರೂ ಹಿಗ್ಗಿದರು. ಉದ್ಘಾಟನೆಯ ಹೊತ್ತಿಗೆ ವೀಸಾ ಕೊಡುವ ಕೆಲಸ ಮಾತ್ರ ಅಲ್ಲಿ ಶುರುವಾಗಿರಲಿಲ್ಲ. ಶುಲ್ಕ ಎಲ್ಲಿಯದಾದರೂ ಒಂದೇ ಗುಣ: ವೀಸಾ ಸಿಗದಿದ್ದರೆ ಹೊಳ್ಳಿ ಬರುವುದಿಲ್ಲ.

ಇಲ್ಲಿ ರೈತನಿಗೆ ಇನ್ನೊಂದು ಪೇಚು. ಸಾಗುವಳಿಯ ಉತ್ಪನ್ನಕ್ಕೆ ಆದಾಯ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ತುಂಬಿದ ಕಾಗದವೂ ಇಲ್ಲ. ಇಷ್ಟಕ್ಕೆ ಹೆದರಿ ಯಾರದೋ ಮಾತು ಕೇಳಿ ಸಾಲ ತಂದು ಖಾತೆಯಲ್ಲಿ ಹದಿನೈದು ದಿನ ರೊಕ್ಕ ತೋರಿಸುವವರುಂಟು. ಇದು ಮೂರ್ಖತನ. ಎಂದೂ ಇಲ್ಲದ ಮೊತ್ತ ಒಮ್ಮೆಲೇ ಖಾತೆಗೆ ಬಿದ್ದದ್ದು ಪಾಸ್‌ಬುಕ್ಕಿನಲ್ಲೇ ಎದ್ದು ಕಾಣುತ್ತದೆ. ವೀಸಾ ಅಧಿಕಾರಿಗೆ ಮುಖ್ಯವಾಗಿ ಬೇಕಾದದ್ದು, ಇವರು ಹೊಳ್ಳಿ ಊರಿಗೆ ಬರುತ್ತಾರೋ ಇಲ್ಲವೋ ಅನ್ನುವ ಖಾತ್ರಿ. ಪಹಣಿ, ಕಬ್ಬಿನ ಬಿಲ್ಲು, ಅಂಗಡಿಯ ಲೈಸೆನ್ಸು, ಹಿಂದೆ ಉಳಿಯುವ ಮುದುಕಿ ತಾಯಿ: ನಂದಗಡದ ಒಕ್ಕಲಿಗ ಬಿತ್ತುವ ಹೊತ್ತಿಗೆ ಹೊಳ್ಳಿ ಬರುತ್ತಾನೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು? ಇದ್ದದ್ದನ್ನು ಇದ್ದಂತೆ ಹೇಳಿದವನಿಗೆ ಎರಡನೇ ಪ್ರಶ್ನೆಗೆ ತಡವರಿಸುವ ಪ್ರಸಂಗ ಬರುವುದಿಲ್ಲ.

ಮಗಳು ಓದಲು ಹೋಗಿದ್ದರೆ ಬಜಾರಿನ ಪ್ರಶ್ನೆ ಬದಲಾಗುತ್ತದೆ. ಮಗನನ್ನು ನೋಡಲು ಹೋದರೆ ದುಂದು, ಮಗಳನ್ನು ನೋಡಲು ಹೋಗದಿದ್ದರೆ "ಬಿಟ್ಟಬಿಟ್ಟಾರ", ಹೋದರೆ "ಏನೋ ಆಗಿರಬೇಕು." ಈ ಬಾಯಿಗೆ ಬೀಗವಿಲ್ಲ. ಕೇಳಿಸಿಕೊಳ್ಳದಿರುವುದೇ ಮೇಲು.

ಮಾಡಬೇಕಾದವರು ಮಾಡಬೇಕಾದ್ದು ಬಹಳವಿಲ್ಲ. ಶಿಕ್ಷಣ ಸಾಲದ ಲೆಕ್ಕದಲ್ಲಿ ವಿದ್ಯಾರ್ಥಿಯ ವಿಮಾನದ ಖರ್ಚು ಸೇರುತ್ತದೆ, ಹೆತ್ತವರದು ಸೇರುವುದಿಲ್ಲ. ಸೇರಿಸಿರಿ ಅಂತ ಯಾರೂ ಕೇಳುತ್ತಿಲ್ಲ. ಸಾಲದ ಮೇಲೆ ಸಾಲ ಒಳ್ಳೆಯದೂ ಅಲ್ಲ. ಆದರೆ ಸಾಲ ಮಂಜೂರು ಮಾಡುವ ದಿನ ಬ್ಯಾಂಕಿನವರು ಬಡ್ಡಿ ಎಷ್ಟು ಬೆಳೆಯುತ್ತದೆ ಅನ್ನುವುದನ್ನು ಕನ್ನಡದಲ್ಲಿ, ಬೇಕಾದರೆ ಮರಾಠಿಯಲ್ಲೂ, ಅಪ್ಪನ ಎದುರಿಗೆ ಬರೆದು ಕೊಡಲಿ. ತಹಶೀಲ್ದಾರ ಕಚೇರಿ, ಗ್ರಾಮ ಒನ್ ಕೇಂದ್ರಗಳ ಗೋಡೆಗೆ ಪಾಸ್‌ಪೋರ್ಟಿಗೆ ಬೇಕಾದ ಕಾಗದ ಮತ್ತು ಶುಲ್ಕದ ಪಟ್ಟಿ ಹಚ್ಚಲಿ. ಹುಡುಗರನ್ನು ಕಳಿಸಿ ಕಮಿಶನ್ ಎಣಿಸುವ ಕಚೇರಿಗಳು ಹೆತ್ತವರಿಗೂ ವರ್ಷಕ್ಕೆ ಒಂದು ದಿನ ಕುರ್ಚಿ ಹಾಕಲಿ. ಚಹಾ ಅವರೇ ಕುಡಿದು ಬರುತ್ತಾರೆ.

ಇನ್ನು ಹೊರಟವರಿಗೆ. ವಿಮಾನ ನಿಲ್ದಾಣದಲ್ಲಿ ಕಾಲು ಗಟ್ಟಿ ಇದ್ದವರೂ ಗಾಲಿಕುರ್ಚಿ ಕೇಳುತ್ತಾರೆ, ಭಾಷೆ ಬರುವುದಿಲ್ಲ, ದಾರಿ ತಪ್ಪೀತು ಅಂತ. ಖರೆ ಕಾಲಿಲ್ಲದವರ ಪಾಲು ಅದು. ಮಗ ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆ ಕಿಸೆಯಲ್ಲಿದ್ದರೆ, ಯಾರಿಗೆ ತೋರಿಸಿದರೂ ಕೈಮಾಡಿ ದಾರಿ ತೋರಿಸುತ್ತಾರೆ. ಗುಳಿಗೆಗಳು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ. ಲಂಡನ್ನಿಗೆ ಹೋದವರಿಗೆ ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣವಾದ ಬಸವೇಶ್ವರರ ಮೂರ್ತಿ ಇದೆ, ನೋಡಬೇಕಾದದ್ದೇ. ಆದರೆ ಮೊದಲ ದಿನ ಮಗನ ಖೋಲಿ, ಅವನು ಸಾಮಾನು ತರುವ ಅಂಗಡಿ, ಅವನು ಹತ್ತುವ ಬಸ್ಸು ನೋಡಿ ಆಮೇಲೆ ಮೂರ್ತಿಗೆ ಹೋಗಲಿ.

ಬುತ್ತಿಯ ಮಾತು ಕೊನೆಗೆ ಉಳಿಯಿತು. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನಲ್ಲಿ ಬಂದಿ ಇದೆ. ಬೆಳಗಾವಿ ಕುಂದಾ ಹಾಲಿನದು. ಕಸ್ಟಮ್ಸಿನವ ಡಬ್ಬಿ ತೆಗೆದು ಒಲ್ಲೆ ಅಂದರೆ ವಾದ ನಡೆಯುವುದಿಲ್ಲ, ಅಷ್ಟು ದೂರ ಹೊತ್ತ ಕುಂದಾ ಕಸದ ಡಬ್ಬಿ ಸೇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಗಟ್ಟಿಯಾಗಿ ಕಟ್ಟಿಕೊಂಡು ಹೋಗಲಿ. ಕುಂದಾ ಮಗ ಊರಿಗೆ ಬಂದಾಗ ತಿಂತಾನ.