ದಿವಾಳಿಯ ಸಾಲಿನಲ್ಲಿ ಬೆಳೆಗಾರನ ಸ್ಥಾನ



ಮಾಲು ಕೊಟ್ಟು ಹಣಕ್ಕೆ ಕಾಯುವವನು, ತಾನು ಒಪ್ಪಲಿ ಬಿಡಲಿ, ಸಾಲ ಕೊಟ್ಟವನೇ. ಕೊಂಡವನು ದಿವಾಳಿಯೆದ್ದಾಗಲೇ ನಮ್ಮಲ್ಲಿ ಅನೇಕರಿಗೆ ಇದು ಅರಿವಾಗುವುದು.

2024ರ ಆಗಸ್ಟ್ 8ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು, 228.45 ಕೋಟಿ ರೂಪಾಯಿ ಬಾಕಿಯೆಂಬ ಅರ್ಜಿಯ ಮೇಲೆ ಕಾಫಿ ಡೇ ಎಂಟರ್‌ಪ್ರೈಸಸ್ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆಜ್ಞೆ ಮಾಡಿತು. 2025ರ ಫೆಬ್ರವರಿಯಲ್ಲಿ ಮೇಲ್ಮನವಿ ಮಂಡಳಿ ಅದನ್ನು ರದ್ದುಪಡಿಸಿತು. ಆದರೂ ಒಂದು ಪ್ರಶ್ನೆ ಉಳಿಯಿತು: ಇಂಥ ಪ್ರಕ್ರಿಯೆ ಕೊನೆಯವರೆಗೆ ನಡೆದರೆ ಮಾಲು ಕೊಟ್ಟವನು ಎಲ್ಲಿ ನಿಲ್ಲುತ್ತಾನೆ?

2016ರ ದಿವಾಳಿ ಸಂಹಿತೆಯ ಪ್ರಕಾರ, ಕಂಪನಿಯ ಬಾಕಿ ಕನಿಷ್ಠ 1 ಕೋಟಿ ರೂಪಾಯಿಯಾಗಿದ್ದರೆ ಅರ್ಜಿ ಹಾಕಬಹುದು. ಅರ್ಜಿ ಅಂಗೀಕಾರವಾದೊಡನೆ ಕಂಪನಿಯ ಮೇಲಿನ ದಾವೆ, ಜಪ್ತಿಗಳೆಲ್ಲ ನಿಲ್ಲುತ್ತವೆ. ಆಡಳಿತ ಮಂಡಳಿಯ ಅಧಿಕಾರ ನಿರ್ವಾಹಕನ ಕೈಸೇರುತ್ತದೆ. ಆತನ ಪ್ರಕಟಣೆಯಲ್ಲಿ ಹೇಳಿದ ತಾರೀಖಿನೊಳಗೆ ಬಾಕಿದಾರರು ದಾಖಲೆಸಹಿತ ಹಕ್ಕು ಸಲ್ಲಿಸಬೇಕು. ಮುಂದಿನ ತೀರ್ಮಾನಕ್ಕೆ ಮತ ಹಾಕುವವರು ಸಾಮಾನ್ಯವಾಗಿ ಬ್ಯಾಂಕಿನಂಥ ಹಣಕಾಸು ಸಾಲ ಕೊಟ್ಟವರು. ಬೆಳೆಗಾರನಿಗೆ ಮತವಿಲ್ಲ.

ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿದರೆ ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಕೂಲಿ ಮತ್ತು ಅಡಮಾನ ಪಡೆದವರ ಸಾಲ. ಬಳಿಕ ಇತರ ನೌಕರರು, ಭದ್ರತೆಯಿಲ್ಲದೆ ಹಣಕಾಸು ಸಾಲ ಕೊಟ್ಟವರು, ಸರ್ಕಾರ. ಮಾಲು ಕೊಟ್ಟ ನಾವು ಅದರಾಚೆ. ವರ್ಷದ ಫಸಲನ್ನು ನಂಬಿಕೆಯ ಮೇಲೆ ಕೊಟ್ಟವನನ್ನು ತೆರಿಗೆಯ ಹಿಂದೆ ನಿಲ್ಲಿಸುವುದು ನ್ಯಾಯವಲ್ಲ. ಕೂಲಿಗೆ ಮೇಲಿನ ಸ್ಥಾನ ಕೊಟ್ಟ ಕಾನೂನು ಫಸಲಿಗೂ ಕೊಡಲಿ ಎಂದು ನಾವು ಕೇಳಬೇಕು.

ಅಲ್ಲಿಯವರೆಗೆ ನಮ್ಮನ್ನು ಕಾಯುವುದು ಚೀಟಿ. ಮಾರಿದ ಕಾಫಿಗೂ ಇಟ್ಟ ಕಾಫಿಗೂ ಕಾನೂನಿನಲ್ಲಿ ಭೂಮಿ ಆಕಾಶದ ಅಂತರವಿದೆ. ಸಂಸ್ಕರಣೆಗೋ ದಾಸ್ತಾನಿಗೋ ಒಪ್ಪಿಸಿದ ಮಾಲಿನ ಒಡೆತನ ನಮ್ಮದೇ. ಅದು ದಿವಾಳಿಯಾದ ಕಂಪನಿಯ ಆಸ್ತಿಗೆ ಸೇರುವುದಿಲ್ಲ. ಆದರೆ ಚೀಟಿಯಲ್ಲಿ ಹಾಗೆ ಬರೆದಿರಬೇಕು, ವ್ಯವಹಾರವೂ ಹಾಗೆಯೇ ನಡೆದಿರಬೇಕು. ತೂಕ ಮಾತ್ರ ಗೀಚಿದ ತುಂಡು ಕಾಗದ ಏನನ್ನೂ ಹೇಳದು.

ಕೊಂಡವನು ಕಂಪನಿಯಲ್ಲದೆ ಒಬ್ಬ ವ್ಯಾಪಾರಿಯಾಗಿದ್ದರೆ 1920ರ ಹಳೆಯ ಕಾಯಿದೆಯೇ ಅನ್ವಯ. ವಿಚಾರಣೆ ಜಿಲ್ಲಾ ನ್ಯಾಯಾಲಯದಲ್ಲಿ. ಅಲ್ಲಿ ಪ್ರಮಾಣಪತ್ರದ ಮೂಲಕ ಬಾಕಿಯನ್ನು ರುಜುವಾತುಪಡಿಸಬೇಕು. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳೊಳಗೆ ಆತ ಬೆಲೆ ಪಡೆಯದೆ ನೆಂಟರಿಷ್ಟರಿಗೆ ಆಸ್ತಿ ಬರೆದುಕೊಟ್ಟಿದ್ದರೆ ನ್ಯಾಯಾಲಯ ಅದನ್ನು ರದ್ದುಮಾಡಬಹುದು.

ಇದು ಮಲೆನಾಡಿಗಷ್ಟೇ ಸೇರಿದ ಮಾತಲ್ಲ. ಸೇಡಂ ತಾಲ್ಲೂಕಿನ ಕೋಡ್ಲಾದ ರೈತ ತೊಗರಿಯನ್ನು ಉದ್ದರಿ ಕೊಟ್ಟರೂ ಇದೇ ಸಾಲು, ಇದೇ ಸರದಿ. ಆದ್ದರಿಂದ ಪ್ರತಿ ಸಹಕಾರ ಸಂಘವೂ ಮಾರಾಟಕ್ಕೊಂದು, ದಾಸ್ತಾನಿಗೊಂದು ಕನ್ನಡದ ಚೀಟಿ ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಡಲಿ. ಸದಸ್ಯರೂ ಸಹಿ ಬೀಳದೆ ಮೂಟೆ ಇಳಿಸದಿರಲಿ.