ಹಳೆಯ ಐ5 ವಿಆರ್ ಎಳೆಯುತ್ತದೆಯೇ?

ಈ ಸಲದ ಪ್ರಶ್ನೆ ಭಿವಂಡಿಯದ್ದೇ. ಗೋದಾಮುಗಳ ಸಾಲಿನ ಪಕ್ಕ ಚಿಕ್ಕ ಕ್ಯಾಂಟೀನ್ ನಡೆಸುವ ನಮ್ಮ ಊರ ಕಡೆಯವರೊಬ್ಬರ ಮಗ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ. ಫೋರ್ಕ್‌ಲಿಫ್ಟ್ ಓಡಿಸುವುದನ್ನು ವಿಆರ್‌ನಲ್ಲಿ, ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟಿನಲ್ಲಿ, ಕಲಿಸುವ ಪುಟ್ಟ ಪ್ರೋಗ್ರಾಂ ಅವನ ಪ್ರಾಜೆಕ್ಟು. ಹೆಡ್‌ಸೆಟ್ ಗೆಳೆಯನಿಂದ ಸಿಗುತ್ತದೆ. ಕಂಪ್ಯೂಟರ್ ಮನೆಯದ್ದು, ಇಂಟೆಲ್ ಐ5-4590. "ಪ್ರೊಸೆಸರ್ ಹಳೇದು, ಇಡೀ ಸೆಟ್ ಬದಲಿಸಬೇಕು, 70 ಸಾವಿರ" ಎಂದರಂತೆ ಅಂಗಡಿಯವರು. ತಂದೆ ಭಿಶಿ ಎತ್ತಲು ಹೊರಟಿದ್ದರು. "ನೀವೊಮ್ಮೆ ನೋಡಿ ಹೇಳಿ ಮಾರಾಯ್ರೆ, ಆ ದುಡ್ಡು ಮಗಳ ಫೀಸಿಗೆ ಇಟ್ಟದ್ದು" ಎಂದು ನನಗೆ ಫೋನ್ ಮಾಡಿದರು.

ಮೊದಲು ಒಂದು ಸ್ವಾರಸ್ಯ. 2016ರಲ್ಲಿ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಮಾರುಕಟ್ಟೆಗೆ ಬಂದಾಗ ಎರಡೂ ಕಂಪನಿಗಳು "ಇಷ್ಟಾದರೂ ಇರಲಿ" ಎಂದು ಹೆಸರಿಸಿದ ಇಂಟೆಲ್ ಪ್ರೊಸೆಸರ್ ಇದೇ ಐ5-4590. 2014ರ ನಾಲ್ಕು ಕೋರಿನ ಚಿಪ್ಪು. ಜೊತೆಗೆ ಬೇಕೆಂದದ್ದು ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡು. ಅದೇ ವರ್ಷ ಅಕ್ಟೋಬರಿನಲ್ಲಿ ಆಕ್ಯುಲಸ್ ಇನ್ನೂ ಕೆಳಗಿಳಿದು ಎರಡೇ ಕೋರಿನ ಐ3-6100ಕ್ಕೂ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಕ್ವೆಸ್ಟ್ ಹೆಡ್‌ಸೆಟ್ಟನ್ನು ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸುವ ಲಿಂಕ್ ಬಂದಾಗಲೂ ಪಟ್ಟಿಯಲ್ಲಿ ಇದ್ದದ್ದು ಐ5-4590 ಹೆಸರೇ. ಹಾಗಾಗಿ ಪ್ರೊಸೆಸರಿನ ಹೆಸರು ಕೇಳಿದ ಕೂಡಲೇ "ಆಗದು" ಎನ್ನುವುದು ವ್ಯಾಪಾರದ ಮಾತು.

ಹಾಗೆಂದು "ಆಗುತ್ತದೆ" ಎಂದೂ ಕೂಡಲೇ ಹೇಳಬಾರದು. ಆ ಹೆಡ್‌ಸೆಟ್ಟುಗಳಿಗೆ ಸೆಕೆಂಡಿಗೆ 90 ಚಿತ್ರ ಬೇಕು, ಅಂದರೆ ಒಂದು ಚಿತ್ರಕ್ಕೆ ಸಿಗುವುದು 11 ಮಿಲಿಸೆಕೆಂಡು. ಅಷ್ಟರೊಳಗೆ ತಲೆ ಎತ್ತ ತಿರುಗಿತು, ಕೈ ಎಲ್ಲಿದೆ, ಪೆಟ್ಟಿಗೆ ಯಾವುದಕ್ಕೆ ತಾಗಿತು ಎಂಬ ಲೆಕ್ಕವನ್ನೆಲ್ಲ ಪ್ರೊಸೆಸರ್ ಮುಗಿಸಿ, ಎರಡೂ ಕಣ್ಣಿನ ಚಿತ್ರದ ಆದೇಶವನ್ನು ಗ್ರಾಫಿಕ್ಸ್ ಕಾರ್ಡಿಗೆ ಕಳಿಸಬೇಕು. ನಮ್ಮ ಪವರ್‌ಲೂಮಿನಲ್ಲಿ ಹೊಕ್ಕಿನ ನೂಲು ತುಂಡಾದರೆ ಮಗ್ಗ ತಾನೇ ನಿಲ್ಲುತ್ತದೆ. ಹೆಡ್‌ಸೆಟ್ ನಿಲ್ಲುವುದಿಲ್ಲ. ಹಳೆಯ ಚಿತ್ರವನ್ನೇ ಅತ್ತಿತ್ತ ಸರಿಸಿ ತೋರಿಸುತ್ತದೆ, ಇಲ್ಲವೇ 45 ಚಿತ್ರಕ್ಕಿಳಿಸಿ ನಡುವಿನದ್ದನ್ನು ಊಹಿಸಿ ತುಂಬುತ್ತದೆ. ಐ3ಕ್ಕೆ ಒಪ್ಪಿಗೆ ಸಿಕ್ಕಿದ್ದು ಈ ಉಪಾಯದಿಂದಲೇ. ಆದರೆ ಪದೇ ಪದೇ ತಪ್ಪಿದರೆ ಹಾಕಿಕೊಂಡವನಿಗೆ ತಲೆಸುತ್ತು, ವಾಂತಿ. ಮಾನಿಟರಿನ ಆಟ ಸ್ವಲ್ಪ ತಡವರಿಸಿದರೆ ನಡೆದೀತು, ಇಲ್ಲಿ ನಡೆಯದು.

ಪರೀಕ್ಷಿಸುವುದು ಕಷ್ಟವಲ್ಲ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಹೆಸರಿರುತ್ತದೆ. ಐ5-4590 ಎಂದರೆ ನಾಲ್ಕನೇ ತಲೆಮಾರು, ಐ7-2600 ಎಂದರೆ ಎರಡನೆಯದು, 2011ರದ್ದು. ಐ7 ಎಂಬ ಸ್ಟಿಕರ್ ಕಂಡು ಮರುಳಾಗಬೇಡಿ. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ ಯುಎಸ್‌ಬಿ 3 ಕೂಡ ಇರುವುದಿಲ್ಲ. ನಂತರ ವಾಲ್ವ್ ಕಂಪನಿ 2016ರಲ್ಲಿ ಬಿಟ್ಟ ಸ್ಟೀಮ್‌ವಿಆರ್ ಪರ್ಫಾರ್ಮೆನ್ಸ್ ಟೆಸ್ಟ್ ಎಂಬ ಪುಕ್ಕಟೆ ಪ್ರೋಗ್ರಾಂ ಓಡಿಸಿ. ಹೆಡ್‌ಸೆಟ್ ಬೇಕಾಗಿಲ್ಲ. ಕೊನೆಯಲ್ಲಿ ಎಷ್ಟು ಚಿತ್ರ 90ಕ್ಕಿಂತ ಕೆಳಗಿಳಿಯಿತು, ಎಷ್ಟು ಚಿತ್ರ 'ಸಿಪಿಯು ಬೌಂಡ್' ಎಂಬ ಲೆಕ್ಕ ಬರುತ್ತದೆ. ಈ ಎರಡನೆಯ ಸಂಖ್ಯೆಯೇ ನಮಗೆ ಬೇಕಾದದ್ದು. ಅದು ಸೊನ್ನೆಯಾಗಿದ್ದೂ ಗುಣಮಟ್ಟದ ಅಂಕ ಕಡಿಮೆ ಬಂದರೆ ದೋಷ ಕಾರ್ಡಿನದು, ಪ್ರೊಸೆಸರಿನದಲ್ಲ.

ಹುಡುಗನ ಯಂತ್ರದಲ್ಲಿ ಗ್ರಾಫಿಕ್ಸ್ ಕಾರ್ಡೇ ಇರಲಿಲ್ಲ. ಪರಿಚಯದವರಿಂದ ಜಿಟಿಎಕ್ಸ್ 1060 ಒಂದನ್ನು ಎರಡು ದಿನದ ಮಟ್ಟಿಗೆ ತಂದು ಹಾಕಿದೆವು. ಮೊದಲ ಸಲ 'ಸಿಪಿಯು ಬೌಂಡ್' ಸಾಲಾಗಿ ಬಂತು. ಶಾಖ ನೋಡಿದರೆ 100 ಡಿಗ್ರಿಯ ಹತ್ತಿರ. ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ಕೆಳಗೆ ಹತ್ತಿಯ ಕಂಬಳಿ! ಅವರ ಮನೆಯ ಹಿಂದಿನ ಗಾಲಾದಲ್ಲಿ ಮಗ್ಗಗಳಿವೆ, ಎಳೆಎಳೆಯಾಗಿ ಹಾರುವ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಹೆಣೆದುಕೊಂಡಿತ್ತು. ಕಾವು ಏರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬ್ರಷ್ಷಿನಿಂದ ಬಿಡಿಸಿ, ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿ ಮತ್ತೆ ಓಡಿಸಿದಾಗ ಆ ಸಂಖ್ಯೆ ಸೊನ್ನೆಗೆ ಬಂತು. ಭಿವಂಡಿಯಲ್ಲಿ ಪ್ರೊಸೆಸರ್ ಹಳೆಯದಾಯಿತು ಎನ್ನುವ ಮೊದಲು ಫ್ಯಾನ್ ನೋಡಬೇಕು ಅನ್ನುವುದು ನನ್ನ ಅನುಭವ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಕೊನೆಗೆ ಅವರು ಕೊಂಡದ್ದು ಸೆಕೆಂಡ್‌ಹ್ಯಾಂಡ್ ಕಾರ್ಡು, ಒಳ್ಳೆಯ ಪವರ್ ಸಪ್ಲೈ, ಇನ್ನೊಂದು 8 ಜಿಬಿ ರ‍್ಯಾಮ್. ಭಿಶಿಯ ದುಡ್ಡು ಹಾಗೆಯೇ ಉಳಿಯಿತು. ಅವರದು ಅಸೆಂಬಲ್ ಮಾಡಿದ ಪೆಟ್ಟಿಗೆಯಾದ್ದರಿಂದ ಇದು ಸುಲಭವಾಯಿತು. ಆಫೀಸುಗಳಿಂದ ಹೊರಬಿದ್ದ ಬ್ರ್ಯಾಂಡೆಡ್ ತೆಳು ಪೆಟ್ಟಿಗೆಗಳಲ್ಲಿಯೂ ನಾಲ್ಕನೇ ತಲೆಮಾರಿನ ಐ5 ಸಿಗುತ್ತದೆ, ಆದರೆ ದೊಡ್ಡ ಕಾರ್ಡಿಗೆ ಜಾಗವಿರುವುದಿಲ್ಲ, ಪವರ್ ಸಪ್ಲೈ ಸಾಲುವುದಿಲ್ಲ. ಅಗ್ಗವೆಂದು ಹೊತ್ತು ತರುವ ಮುಂಚೆ ಅಳತೆ ನೋಡಿ.

ಮಿತಿಯನ್ನೂ ಹೇಳಿಬಿಡುತ್ತೇನೆ. ಗೋದಾಮಿನ ಒಂದು ಸಾಲು, ನಾಲ್ಕು ರ‍್ಯಾಕು, ಒಂದು ಫೋರ್ಕ್‌ಲಿಫ್ಟ್ ಇಷ್ಟನ್ನು ಈ ಚಿಪ್ಪು ಎಳೆಯುತ್ತದೆ. 2020ರ ಹಾಫ್-ಲೈಫ್: ಅಲಿಕ್ಸ್ ಆಟ ಕನಿಷ್ಠವೆಂದು ಕೇಳುವುದೇ ಐ5-7500 ಮತ್ತು 12 ಜಿಬಿ ರ‍್ಯಾಮ್. ಅಂಥದ್ದಕ್ಕೆ ಇದನ್ನು ನೆಚ್ಚಬೇಡಿ. ವಿಂಡೋಸ್ 11 ಅಧಿಕೃತವಾಗಿ ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳನ್ನು ಬಹುಮಟ್ಟಿಗೆ ಒಪ್ಪುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡವೆಂದು ಹುಡುಗನಿಗೆ ಹೇಳಿದ್ದೇನೆ. ಬರೀ ಆಟಕ್ಕೆ, ಮಕ್ಕಳಿಗೆ ತೋರಿಸುವುದಕ್ಕೆ ವಿಆರ್ ಬೇಕೆನ್ನುವವರು ಕಂಪ್ಯೂಟರಿನ ಗೊಡವೆಗೇ ಹೋಗಬೇಕಿಲ್ಲ. ಕ್ವೆಸ್ಟ್‌ನಂಥ ಹೆಡ್‌ಸೆಟ್ಟುಗಳೊಳಗೆ ಅವುಗಳದ್ದೇ ಪ್ರೊಸೆಸರ್ ಇದೆ, ವೈಫೈ ಇದ್ದರಾಯಿತು.